ಒಂದು ಸಹಿಯ ಬೆಲೆ: ಫ್ಯಾಸಿಸ್ಟ್ ಇಟಲಿಯ ಸಮಾಜಜೀವನ

ಸರ್ವಾಧಿಕಾರವೆಂದೊಡನೆ ಸೆರೆಮನೆ, ಬಂದೂಕು, ಗಲ್ಲುಗಂಬಗಳ ಚಿತ್ರ ನಮ್ಮ ಕಣ್ಣ ಮುಂದೆ ಮೂಡುವುದು ಸಹಜ. ಇವೆಲ್ಲವೂ ಸರ್ವಾಧಿಕಾರದ ಆಯುಧಗಳೇ ಹೌದು. ಆದರೆ ಕೋಟ್ಯಂತರ ಜನರನ್ನು ದಿನನಿತ್ಯ ಬಂದೂಕು ತೋರಿಸಿ ಆಳುವುದು ಯಾವ ಪ್ರಭುತ್ವಕ್ಕೂ ಸಾಧ್ಯವಿಲ್ಲ. ಸೆರೆಮನೆಯ ಹೊರಗೆ, ತಮ್ಮ ಮನೆ, ಅಂಗಡಿ, ಶಾಲೆ, ಕಚೇರಿಗಳಲ್ಲಿ ಬದುಕು ಸಾಗಿಸುತ್ತಿದ್ದ ಸಾಮಾನ್ಯ ಜನರನ್ನು ಹಿಡಿತದಲ್ಲಿ ಇಟ್ಟುಕೊಂಡ ಬಗೆ ಯಾವುದು? ಅವರು ಏಕೆ ಒಪ್ಪಿದರು? ಒಪ್ಪದವರು ಏನಾದರು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು 1922ರಿಂದ 1943ರವರೆಗಿನ ಇಟಲಿಯ ಇತಿಹಾಸದಷ್ಟು ಬೋಧಪ್ರದವಾದ ಉದಾಹರಣೆ ವಿರಳ. ‘ಫ್ಯಾಸಿಸಂ’ ಎಂಬ ಹೆಸರು ಹುಟ್ಟಿದ್ದೇ ಅಲ್ಲಿ. ಪ್ರಾಚೀನ ರೋಮಿನ ಅಧಿಕಾರಿಗಳ ಮುಂದೆ ಸೇವಕರು ಹೊತ್ತು ನಡೆಯುತ್ತಿದ್ದ, ಕೊಡಲಿಯನ್ನು ನಡುವೆ ಇಟ್ಟು ಬಿಗಿದ ಬೆತ್ತಗಳ ಕಟ್ಟು ಅದರ ಲಾಂಛನ. ಬೆತ್ತ ದಂಡನೆಗೆ, ಕೊಡಲಿ ಮರಣಕ್ಕೆ, ಕಟ್ಟು ಒಗ್ಗಟ್ಟಿಗೆ ಸಂಕೇತ.

ಅಧಿಕಾರ ಹಿಡಿದ ಬಗೆ

ಮೊದಲನೆಯ ಮಹಾಯುದ್ಧದಲ್ಲಿ ಗೆದ್ದವರ ಸಾಲಿನಲ್ಲಿದ್ದರೂ ಇಟಲಿ ಸಾಲ, ಬೆಲೆಯೇರಿಕೆ, ನಿರುದ್ಯೋಗಗಳಿಂದ ಬಸವಳಿದಿತ್ತು. 1919 ಮತ್ತು 1920ರಲ್ಲಿ ಕಾರ್ಖಾನೆಗಳಲ್ಲೂ ಹೊಲಗಳಲ್ಲೂ ಮುಷ್ಕರಗಳು ನಡೆದವು. 1919ರ ಮಾರ್ಚ್ 23ರಂದು ಮಿಲಾನ್ ನಗರದಲ್ಲಿ ಬೆನಿಟೊ ಮುಸೊಲಿನಿ ತನ್ನ ಸಂಘಟನೆಯನ್ನು ಆರಂಭಿಸಿದ. ಕಪ್ಪು ಅಂಗಿ ತೊಟ್ಟ ಅವನ ದಳಗಳು ಕಾರ್ಮಿಕ ಸಂಘಗಳ ಕಚೇರಿಗಳನ್ನೂ ಸಹಕಾರಿ ಸಂಘಗಳನ್ನೂ ಸುಟ್ಟವು. ವಿರೋಧಿಗಳನ್ನು ದೊಣ್ಣೆಯಿಂದ ಬಡಿದು, ಬಲವಂತದಿಂದ ಹರಳೆಣ್ಣೆ ಕುಡಿಸಿ ಊರ ಮುಂದೆ ಅವಮಾನಪಡಿಸಿದವು.

ಈ ದಳಗಳಿಗೆ ಹಣ ಎಲ್ಲಿಂದ ಬಂತು ಎಂಬುದನ್ನು ವರ್ತಕ ಸಮುದಾಯಕ್ಕೆ ಸೇರಿದ ನಾನು ಬರೆಯದೆ ಇರಲಾರೆ. ಪೋ ನದಿಯ ಬಯಲಿನ ದೊಡ್ಡ ಜಮೀನುದಾರರು ಕೊಟ್ಟರು. ಉದ್ಯಮಪತಿಗಳೂ ವರ್ತಕರೂ ಕೊಟ್ಟರು. ಮುಷ್ಕರಗಳಿಂದ ಬೇಸತ್ತಿದ್ದ ಅವರಿಗೆ ‘ಶಿಸ್ತು’ ಬೇಕಾಗಿತ್ತು. ತಮ್ಮ ಕೆಲಸ ಮುಗಿದ ಮೇಲೆ ಈ ದಳಗಳನ್ನು ಮನೆಗೆ ಕಳುಹಿಸಬಹುದೆಂದು ಅವರು ಎಣಿಸಿದ್ದರು. ಆ ಎಣಿಕೆ ತಪ್ಪಿತು.

1921ರ ಚುನಾವಣೆಯಲ್ಲಿ ಫ್ಯಾಸಿಸ್ಟರಿಗೆ ದೊರೆತದ್ದು ಸುಮಾರು 535 ಸ್ಥಾನಗಳಲ್ಲಿ 35 ಮಾತ್ರ. ಹೀಗಿರುವಾಗ 1922ರ ಅಕ್ಟೋಬರ್ 28ರಂದು ಅವರು ರೋಮಿನ ಕಡೆ ದಂಡೆತ್ತಿ ನಡೆದರು. ಪ್ರಧಾನಿ ಫಾಕ್ತಾ ಸೈನಿಕ ಶಾಸನದ ಆಜ್ಞೆಯನ್ನು ಸಿದ್ಧಪಡಿಸಿ ರಾಜನ ಮುಂದಿಟ್ಟ. ಮೂರನೆಯ ವಿಕ್ಟರ್ ಇಮ್ಯಾನ್ಯುಯೆಲ್ ಅದಕ್ಕೆ ಸಹಿ ಹಾಕಲಿಲ್ಲ. ಬದಲಾಗಿ ಮುಸೊಲಿನಿಯನ್ನು ಕರೆಸಿ ಸರ್ಕಾರ ರಚಿಸಲು ಹೇಳಿದ. ಆ ಸರ್ಕಾರದಲ್ಲಿ ಇತರ ಪಕ್ಷದವರೂ ಮಂತ್ರಿಗಳಾದರು. ಸರ್ವಾಧಿಕಾರವು ಕಾನೂನಿನ ಬಾಗಿಲಿನಿಂದಲೇ ಒಳಗೆ ಬಂದಿತೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ.

1924ರ ಮೇ 30ರಂದು ಸಮಾಜವಾದಿ ಸದಸ್ಯ ಜಾಕೊಮೊ ಮತ್ತೆಯೊತ್ತಿ ಸಂಸತ್ತಿನಲ್ಲಿ ಎದ್ದುನಿಂತು, ಏಪ್ರಿಲ್ ತಿಂಗಳ ಚುನಾವಣೆಯಲ್ಲಿ ನಡೆದ ಹಿಂಸೆ ಮತ್ತು ಅಕ್ರಮಗಳನ್ನು ಒಂದೊಂದಾಗಿ ಬಯಲಿಗೆಳೆದ. ಜೂನ್ 10ರಂದು ರೋಮಿನ ಬೀದಿಯಲ್ಲಿ ಅವನನ್ನು ಅಪಹರಿಸಿ ಕೊಲ್ಲಲಾಯಿತು. ಆಗಸ್ಟ್ 16ರಂದು ಅವನ ಶವ ದೊರೆಯಿತು. ದೇಶವೆಲ್ಲ ತಲ್ಲಣಿಸಿತು. ವಿರೋಧ ಪಕ್ಷಗಳವರು ಸಂಸತ್ತನ್ನು ಬಹಿಷ್ಕರಿಸಿ ಹೊರನಡೆದರು. ರಾಜ ಮಾತ್ರ ಮೌನವಾಗಿದ್ದ. ಆರು ತಿಂಗಳು ಕಾದು ನೋಡಿದ ಮುಸೊಲಿನಿ 1925ರ ಜನವರಿ 3ರಂದು, ನಡೆದುದೆಲ್ಲಕ್ಕೂ ತಾನೊಬ್ಬನೇ ಹೊಣೆಯೆಂದು ಸಂಸತ್ತಿನಲ್ಲಿ ಸಾರಿದ. ಯಾರೂ ಅವನನ್ನು ಹಿಡಿಯಲಿಲ್ಲ. ಸರ್ವಾಧಿಕಾರ ನಿಜವಾಗಿ ಆರಂಭವಾದುದು ಆ ದಿನದಿಂದ.

ಪತ್ರಿಕೆ ಮತ್ತು ಸಂಘಸಂಸ್ಥೆ

ಮುಂದಿನ ಎರಡು ವರ್ಷಗಳಲ್ಲಿ ಶಾಸನಗಳು ಒಂದರ ಹಿಂದೆ ಒಂದು ಬಂದವು. 1925ರ ನವೆಂಬರ್ ತಿಂಗಳ ಕಾನೂನಿನ ಪ್ರಕಾರ ಯಾವುದೇ ಸಂಘವು ಪೊಲೀಸರು ಕೇಳಿದಾಗ ತನ್ನ ನಿಯಮಾವಳಿಯನ್ನೂ ಸದಸ್ಯರ ಪಟ್ಟಿಯನ್ನೂ ಒಪ್ಪಿಸಬೇಕಾಯಿತು. ಡಿಸೆಂಬರ್ ತಿಂಗಳಲ್ಲಿ ಪತ್ರಿಕಾ ಕಾನೂನು ಬಂತು. ಸರ್ಕಾರದ ಒಪ್ಪಿಗೆಯಿಲ್ಲದ ಸಂಪಾದಕ ಪತ್ರಿಕೆ ನಡೆಸುವಂತಿರಲಿಲ್ಲ. ‘ಕೊರಿಯೆರೆ ದೆಲ್ಲಾ ಸೆರಾ’ ಎಂಬ ಪ್ರಸಿದ್ಧ ದೈನಿಕವನ್ನು ಕಟ್ಟಿ ಬೆಳೆಸಿದ ಲೂಯಿಜಿ ಅಲ್ಬರ್ತೀನಿ ಅದಾಗಲೇ ತನ್ನ ಸ್ಥಾನವನ್ನು ಬಿಟ್ಟುಕೊಡಬೇಕಾಗಿ ಬಂದಿತ್ತು. ಪತ್ರಿಕೆಯ ಹೆಸರು ಹಾಗೆಯೇ ಉಳಿಯಿತು, ಧ್ವನಿ ಬದಲಾಯಿತು.

1926ರಲ್ಲಿ ಚುನಾಯಿತ ನಗರಾಧ್ಯಕ್ಷರ ಸ್ಥಾನದಲ್ಲಿ ಸರ್ಕಾರ ನೇಮಿಸಿದ ‘ಪೊದೆಸ್ತಾ’ ಎಂಬ ಅಧಿಕಾರಿ ಬಂದ. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಇತರ ಪಕ್ಷಗಳೆಲ್ಲ ವಿಸರ್ಜಿತವಾದವು, ಪಾಸ್‌ಪೋರ್ಟುಗಳು ರದ್ದಾದವು, ರಾಜ್ಯರಕ್ಷಣೆಗಾಗಿ ವಿಶೇಷ ನ್ಯಾಯಾಲಯ ಸ್ಥಾಪಿತವಾಯಿತು. ಈ ನ್ಯಾಯಾಲಯ ತನ್ನ ಆಯುಷ್ಯದಲ್ಲಿ ಸುಮಾರು 4,600 ಜನರಿಗೆ ಶಿಕ್ಷೆ ವಿಧಿಸಿತು. ಅಂತೋನಿಯೊ ಗ್ರಾಂಶಿ ಸಂಸತ್ಸದಸ್ಯನಾಗಿದ್ದರೂ 1926ರಲ್ಲಿ ಬಂಧಿತನಾಗಿ, 1928ರಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿದ ಶಿಕ್ಷೆಗೆ ಗುರಿಯಾಗಿ, ಆರೋಗ್ಯ ಸಂಪೂರ್ಣವಾಗಿ ಕೆಟ್ಟು 1937ರಲ್ಲಿ ತೀರಿಕೊಂಡ. ಸೆರೆಯಲ್ಲಿ ಅವನು ತುಂಬಿಸಿದ ನೋಟುಪುಸ್ತಕಗಳು ಇಂದು ಲೋಕವಿಖ್ಯಾತ.

ವಿಚಾರಣೆಯೇ ಇಲ್ಲದೆ ಜನರನ್ನು ಲಿಪಾರಿ, ಪೋಂಜಾ, ವೆಂತೊತೇನೆ ಮೊದಲಾದ ದ್ವೀಪಗಳಿಗೋ ದಕ್ಷಿಣದ ಬಡ ಹಳ್ಳಿಗಳಿಗೋ ಗಡೀಪಾರು ಮಾಡುವ ಪದ್ಧತಿಯೂ ಇತ್ತು. ಹತ್ತು ಸಾವಿರಕ್ಕೂ ಹೆಚ್ಚು ಜನ ಹೀಗೆ ಹೋದರು. ವೈದ್ಯನೂ ಚಿತ್ರಕಾರನೂ ಆದ ಕಾರ್ಲೊ ಲೆವಿ 1935ರಲ್ಲಿ ಇಂಥದೊಂದು ಹಳ್ಳಿಗೆ ಕಳುಹಿಸಲ್ಪಟ್ಟು, ಅಲ್ಲಿನ ರೈತರ ಬಾಳನ್ನು ಮುಂದೆ ಗ್ರಂಥರೂಪದಲ್ಲಿ ಬರೆದ. ಗುಪ್ತ ಪೊಲೀಸ್ ದಳಕ್ಕೆ ‘ಓವ್ರಾ’ ಎಂದು ಹೆಸರು. ಆ ಅಕ್ಷರಗಳು ಯಾವ ಪದಗಳ ಸಂಕ್ಷೇಪವೆಂದು ಸರ್ಕಾರ ಸ್ಪಷ್ಟಪಡಿಸಲೇ ಇಲ್ಲ. ಅರ್ಥ ತಿಳಿಯದ ಹೆಸರು ಹೆಚ್ಚು ಭಯ ಹುಟ್ಟಿಸುತ್ತದೆ. ಕಾಫಿ ಅಂಗಡಿಯಲ್ಲಿ ಪಕ್ಕದ ಮೇಜಿನವನು ಯಾರೆಂದು ತಿಳಿಯದಾದಾಗ ಜನರು ತಾವಾಗಿಯೇ ಮಾತು ಕಡಿಮೆ ಮಾಡುತ್ತಾರೆ.

ಪತ್ರಿಕೆಗಳಿಗೆ ಸರ್ಕಾರದಿಂದ ತೆಳು ಕಾಗದದ ನಕಲು ಪ್ರತಿಗಳಲ್ಲಿ ಸೂಚನೆಗಳು ಬರುತ್ತಿದ್ದವು. ಯಾವ ಸುದ್ದಿಗೆ ಎಷ್ಟು ಜಾಗ, ಯಾವುದನ್ನು ಮುಚ್ಚಿಡಬೇಕು ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಅಪರಾಧ, ಆತ್ಮಹತ್ಯೆಗಳ ವರದಿಗಳು ಕುಗ್ಗಿದವು. ಓದಿದವರಿಗೆ ದೇಶದಲ್ಲಿ ಎಲ್ಲವೂ ಸುಖಮಯವೆಂದು ತೋರುತ್ತಿತ್ತು. 1926ರಿಂದ ಪ್ರತಿ ಚಿತ್ರಮಂದಿರದಲ್ಲೂ ಸರ್ಕಾರದ ವಾರ್ತಾಚಿತ್ರ ತೋರಿಸುವುದು ಕಡ್ಡಾಯವಾಯಿತು.

ಈ ಯಂತ್ರದ ಅನುಭವ ನಮ್ಮ ದೇಶದ ಇಬ್ಬರು ಮಹನೀಯರಿಗೂ ಆಯಿತು. 1926ರಲ್ಲಿ ಮುಸೊಲಿನಿಯ ಅತಿಥಿಯಾಗಿ ಹೋದ ರವೀಂದ್ರನಾಥ ಠಾಕೂರರಿಗೆ ಅದ್ದೂರಿಯ ಸತ್ಕಾರ ದೊರೆಯಿತು. ಅವರಿಗೆ ಇಟಾಲಿಯನ್ ಭಾಷೆ ಬಾರದು. ಅವರ ಮಾತುಗಳು ಅಲ್ಲಿನ ಪತ್ರಿಕೆಗಳಲ್ಲಿ ಫ್ಯಾಸಿಸಂನ ಪ್ರಶಂಸೆಯಾಗಿ ಅಚ್ಚಾದವು. ಸ್ವಿಟ್ಜರ್ಲೆಂಡಿಗೆ ಹೋದ ಮೇಲೆ ರೊಮೇನ್ ರೋಲಾನ್ ಮತ್ತು ಇಟಲಿಯಿಂದ ಹೊರದೂಡಲ್ಪಟ್ಟವರಿಂದ ನಿಜಸ್ಥಿತಿ ಅರಿತ ಕವಿಗಳು, ಆಂಡ್ರೂಸರಿಗೆ ಬರೆದ ಪತ್ರದ ಮೂಲಕ ಇಂಗ್ಲೆಂಡಿನ ಪತ್ರಿಕೆಯಲ್ಲಿ ಫ್ಯಾಸಿಸಂ ಅನ್ನು ಖಂಡಿಸಿದರು. ನಿನ್ನೆಯವರೆಗೆ ಹೊಗಳಿದ್ದ ಇಟಲಿಯ ಪತ್ರಿಕೆಗಳೇ ಮರುದಿನ ಅವರನ್ನು ನಿಂದಿಸಿದವು. 1931ರ ಡಿಸೆಂಬರ್ ತಿಂಗಳಲ್ಲಿ ದುಂಡುಮೇಜಿನ ಪರಿಷತ್ತಿನಿಂದ ಹಿಂತಿರುಗುವಾಗ ಗಾಂಧೀಜಿಯವರು ರೋಮಿನಲ್ಲಿ ತಂಗಿದರು. ಅಲ್ಲಿನ ‘ಜೊರ್ನಾಲೆ ದಿತಾಲಿಯಾ’ ಪತ್ರಿಕೆ ಅವರು ನೀಡದೇ ಇದ್ದ ಸಂದರ್ಶನವನ್ನು ಪ್ರಕಟಿಸಿತು. ಗಾಂಧೀಜಿ ಅದನ್ನು ಸ್ಪಷ್ಟವಾಗಿ ನಿರಾಕರಿಸಬೇಕಾಯಿತು. ಲೋಕಮಾನ್ಯರ ಮಾತಿಗೇ ಈ ಗತಿಯಾದರೆ ಹಳ್ಳಿಯ ಶಾಲಾ ಮಾಸ್ತರನ ಮಾತಿಗೆ ಬೆಲೆ ಎಲ್ಲಿಯದು?

ಅಂಗಡಿ, ಕೂಲಿ ಮತ್ತು ರೊಟ್ಟಿಯ ಚೀಟಿ

ವಾಣಿಜ್ಯವನ್ನು ಓದಿ ವ್ಯಾಪಾರದಲ್ಲೇ ಬಾಳು ಕಳೆದವನಾದುದರಿಂದ ಈ ಭಾಗವು ನನ್ನ ಗಮನವನ್ನು ವಿಶೇಷವಾಗಿ ಸೆಳೆದಿದೆ. 1925ರ ಅಕ್ಟೋಬರ್ ತಿಂಗಳಲ್ಲಿ ಉದ್ಯಮಪತಿಗಳ ಒಕ್ಕೂಟವು ಫ್ಯಾಸಿಸ್ಟ್ ಕಾರ್ಮಿಕ ಸಂಘವೊಂದನ್ನೇ ಮಾನ್ಯ ಮಾಡುವುದಾಗಿ ಒಪ್ಪಂದಕ್ಕೆ ಸಹಿ ಹಾಕಿತು. 1926ರ ಏಪ್ರಿಲ್ ತಿಂಗಳಲ್ಲಿ ಮುಷ್ಕರ ನಿಷಿದ್ಧವಾಯಿತು. ಕಾರ್ಖಾನೆಯ ಮಾಲೀಕರಿಗೆ ಇದು ಲಾಭವೆಂದೇ ತೋರಿತು. ಆದರೆ ಅದೇ ವರ್ಷದ ಡಿಸೆಂಬರ್ ತಿಂಗಳ ಆಜ್ಞೆಯಿಂದ ಅಂಗಡಿಕಾರನ ಸರದಿಯೂ ಬಂತು. ಚಿಲ್ಲರೆ ವ್ಯಾಪಾರಕ್ಕೆ ಪೊದೆಸ್ತಾನ ಲೈಸೆನ್ಸ್ ಬೇಕು, ಠೇವಣಿಯನ್ನೂ ಕಟ್ಟಬೇಕು ಎಂದಾಯಿತು. ಲೈಸೆನ್ಸ್ ಎಂಬುದು ತಾನಾಗಿ ಕೆಟ್ಟದ್ದಲ್ಲ. ಆದರೆ ಕೊಡುವವನು ಯಾರಿಗೂ ಉತ್ತರದಾಯಿಯಲ್ಲದಿದ್ದಾಗ, ಕಿತ್ತುಕೊಂಡರೆ ದೂರಲು ಪತ್ರಿಕೆಯಾಗಲಿ ಸ್ವತಂತ್ರ ಸಂಘವಾಗಲಿ ಇಲ್ಲದಿದ್ದಾಗ, ಅಂಗಡಿಯ ಬಾಗಿಲಿನ ಬೀಗದ ಕೈ ಅಧಿಕಾರಿಯ ಜೇಬಿನಲ್ಲಿ ಇದ್ದಂತೆಯೇ ಸರಿ.

1926ರ ಆಗಸ್ಟ್ ತಿಂಗಳಲ್ಲಿ ಮುಸೊಲಿನಿ ಲಿರಾ ನಾಣ್ಯದ ಮೌಲ್ಯವನ್ನು ಎತ್ತಿಹಿಡಿಯುವುದು ರಾಷ್ಟ್ರಗೌರವದ ಪ್ರಶ್ನೆಯೆಂದು ಘೋಷಿಸಿದ. ಆಗ ಒಂದು ಪೌಂಡಿಗೆ ಸುಮಾರು 150 ಲಿರಾ ಇದ್ದುದನ್ನು 1927ರ ಡಿಸೆಂಬರ್ ತಿಂಗಳಲ್ಲಿ 92.46ಕ್ಕೆ ನಿಲ್ಲಿಸಲಾಯಿತು. ನಾಣ್ಯ ಹೀಗೆ ದುಬಾರಿಯಾದಾಗ ರಫ್ತು ಕುಗ್ಗುವುದು ಅರ್ಥಶಾಸ್ತ್ರದ ಮೊದಲ ಪಾಠ. ಆ ನಷ್ಟವನ್ನು ತುಂಬಲು ಸರ್ಕಾರದ ಆಜ್ಞೆಯಿಂದಲೇ ಕೂಲಿಯನ್ನು ಇಳಿಸಲಾಯಿತು. 1930ರಲ್ಲಿ ಮತ್ತೆ ಇಳಿಸಲಾಯಿತು. ಮುಷ್ಕರದ ಹಕ್ಕು ಕಳೆದುಕೊಂಡಿದ್ದ ಕೂಲಿಕಾರ ಏನು ತಾನೆ ಮಾಡಿಯಾನು?

1925ರಿಂದ ‘ಗೋಧಿಯ ಸಮರ’ ನಡೆಯಿತು. ಬರಿ ಮೈಯಲ್ಲಿ ಒಕ್ಕಣೆ ಮಾಡುವ ಮುಸೊಲಿನಿಯ ಚಿತ್ರಗಳು ಎಲ್ಲೆಡೆ ಅಚ್ಚಾದವು. ಗೋಧಿಯ ಉತ್ಪನ್ನ ನಿಜವಾಗಿಯೂ ಹೆಚ್ಚಿತು. ಆದರೆ ಹುಲ್ಲುಗಾವಲು, ಆಲಿವ್, ಹಣ್ಣಿನ ತೋಟಗಳಿಗೆ ತಕ್ಕ ಜಮೀನು ಗೋಧಿಗೆ ಹೋಯಿತು. ಆಮದಿನ ಮೇಲಿನ ಸುಂಕದಿಂದ ಬಡವನ ರೊಟ್ಟಿ ದುಬಾರಿಯಾಯಿತು.

ಮನೆಯೊಳಗೂ ಸರ್ಕಾರ ಪ್ರವೇಶಿಸಿತು. 1927ರಲ್ಲಿ 25ರಿಂದ 65 ವರ್ಷ ವಯಸ್ಸಿನ ಅವಿವಾಹಿತ ಪುರುಷರ ಮೇಲೆ ತೆರಿಗೆ ಬಂತು. ಸೈನ್ಯಕ್ಕೆ ಜನಸಂಖ್ಯೆ ಬೇಕಾಗಿತ್ತು. ಕೆಲಸದ ನಂತರದ ಬಿಡುವಿಗೂ ಒಂದು ಸರ್ಕಾರಿ ಸಂಸ್ಥೆ ಇತ್ತು. ‘ದೊಪೊಲವೋರೊ’ ಎಂಬ ಅದರಲ್ಲಿ 1930ರ ದಶಕದ ಕೊನೆಗೆ 40 ಲಕ್ಷದ ಸಮೀಪ ಸದಸ್ಯರಿದ್ದರು. ಅಗ್ಗದ ಪ್ರವಾಸ, ನಾಟಕ, ಆಟೋಟಗಳು ಜನರಿಗೆ ಪ್ರಿಯವಾಗಿದ್ದುವೆಂಬುದನ್ನು ಅಲ್ಲಗಳೆಯಲಾಗದು. ಹಿಂದೆ ಜನರೇ ಕಟ್ಟಿಕೊಂಡಿದ್ದ ಸಂಘಗಳು ಮುಚ್ಚಿದ್ದವು. ಮನರಂಜನೆಯೂ ಮೇಲಿನಿಂದ ದಯಪಾಲಿಸಿದ ವಸ್ತುವಾಯಿತು.

1930ರ ದಶಕದಲ್ಲಿ ಸರ್ಕಾರಿ ನೌಕರಿಗೆ ಪಕ್ಷದ ಸದಸ್ಯತ್ವ ಅಗತ್ಯವಾಯಿತು. ಸದಸ್ಯತ್ವದ ಚೀಟಿಯನ್ನು ಜನರು ‘ರೊಟ್ಟಿಯ ಚೀಟಿ’ ಎಂದು ಕರೆದರು. ಪಕ್ಷದ ಹೆಸರಿನ ಮೂರು ಮೊದಲಕ್ಷರಗಳಿಗೆ ‘ಸಂಸಾರದ ಅಗತ್ಯಕ್ಕಾಗಿ’ ಎಂಬ ಅರ್ಥ ಬರುವಂತೆ ಗುಟ್ಟಾಗಿ ನಗೆಯಾಡಿದರು. ಕೋಟಿಗೆ ಸಿಕ್ಕಿಸುವ ಪಕ್ಷದ ಬಿಲ್ಲೆಗೆ ‘ತಿಗಣೆ’ ಎಂದು ಅಡ್ಡಹೆಸರು. ಈ ನಗೆಯಲ್ಲಿ ಒಂದು ದುಃಖವಿದೆ. ನಂಬಿಕೆಯಿಂದ ಸೇರಿದವರಿಗಿಂತ ಹೊಟ್ಟೆಪಾಡಿಗಾಗಿ ಸೇರಿದವರೇ ಹೆಚ್ಚಾಗಿದ್ದರೂ ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ಇಬ್ಬರೂ ಒಂದೇ ಕಲಮಿನಲ್ಲಿ ಜಮೆಯಾಗುತ್ತಿದ್ದರು.

ಶಾಲೆ ಮತ್ತು ಹನ್ನೆರಡು ಮಂದಿ

1926ರಲ್ಲಿ ಸ್ಥಾಪಿತವಾದ ‘ಬಲಿಲ್ಲಾ’ ಸಂಸ್ಥೆಯು ಎಂಟು ವರ್ಷದ ಬಾಲಕನಿಗೆ ಸಮವಸ್ತ್ರ ತೊಡಿಸಿ ಕವಾಯತು ಕಲಿಸಿತು. ಮುಂದೆ ಆರು ವರ್ಷದ ಮಕ್ಕಳಿಗೂ ಒಂದು ವಿಭಾಗ ಬಂತು. ಪುಸ್ತಕ ಮತ್ತು ಬಂದೂಕು ಆದರ್ಶ ವಿದ್ಯಾರ್ಥಿಯ ಎರಡು ಲಕ್ಷಣಗಳಾದವು. ‘ಮುಸೊಲಿನಿ ಸದಾ ಸರಿ’ ಎಂಬ ಘೋಷಣೆ ಗೋಡೆಗೋಡೆಗಳ ಮೇಲೆ ಬರೆಯಲ್ಪಟ್ಟಿತು. 1930ರ ಹೊತ್ತಿಗೆ ಪ್ರಾಥಮಿಕ ಶಾಲೆಗಳಿಗೆಲ್ಲ ಸರ್ಕಾರದ ಒಂದೇ ಪಠ್ಯಪುಸ್ತಕ ಬಂತು. ಮನೆಯಲ್ಲಿ ತಂದೆ ಬೇರೆ ಅಭಿಪ್ರಾಯದವನಾಗಿದ್ದರೂ ಮಗು ಶಾಲೆಯಲ್ಲಿ ಬಾಯಿಬಿಟ್ಟೀತೆಂಬ ಅಂಜಿಕೆಯಿಂದ ಅವನು ಊಟದ ಹೊತ್ತಿನಲ್ಲೂ ಸುಮ್ಮನಿರಬೇಕಾಯಿತು.

1931ರಲ್ಲಿ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರೆಲ್ಲರೂ ರಾಜನಿಗೂ ಫ್ಯಾಸಿಸ್ಟ್ ಆಡಳಿತಕ್ಕೂ ನಿಷ್ಠರಾಗಿರುವುದಾಗಿ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕೆಂಬ ಆಜ್ಞೆ ಹೊರಟಿತು. ಸಹಿ ಹಾಕದವರಿಗೆ ಕೆಲಸವಿಲ್ಲ. ಸುಮಾರು 1,200 ಪ್ರಾಧ್ಯಾಪಕರಲ್ಲಿ ನಿರಾಕರಿಸಿದವರು ಹನ್ನೆರಡು ಮಂದಿಯಷ್ಟೇ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಅಂದರೆ ನೂರಕ್ಕೆ ಒಬ್ಬ.

ಸಹಿ ಹಾಕಿದವರೆಲ್ಲ ಹೇಡಿಗಳೆಂದು ತೀರ್ಪು ಕೊಡುವುದು ಸುಲಭ, ನ್ಯಾಯವಲ್ಲ. ಸಂಸಾರವಿದ್ದವರಿದ್ದರು. ತಾವು ಬಿಟ್ಟರೆ ಆ ಪೀಠಕ್ಕೆ ಫ್ಯಾಸಿಸ್ಟನೊಬ್ಬ ಬಂದು ಕೂರುವನೆಂದು ವಾದಿಸಿದವರಿದ್ದರು. 1925ರಲ್ಲಿ ಫ್ಯಾಸಿಸಂ ವಿರುದ್ಧ ಬುದ್ಧಿಜೀವಿಗಳ ಪ್ರಕಟಣೆ ಬರೆದ ಬೆನೆಡೆಟ್ಟೊ ಕ್ರೋಚೆಯೇ ಕೆಲವರಿಗೆ ವಿದ್ಯಾರ್ಥಿಗಳ ಹಿತಕ್ಕಾಗಿ ಉಳಿಯಿರೆಂದು ಸಲಹೆ ಕೊಟ್ಟ. ಕಮ್ಯುನಿಸ್ಟ್ ನಾಯಕರೂ ತಮ್ಮವರಿಗೆ ಅದನ್ನೇ ಹೇಳಿದರು. ಮನಸ್ಸಿನಲ್ಲಿ ತಮ್ಮ ಧರ್ಮದ ಕಟ್ಟುಪಾಡನ್ನು ಉಳಿಸಿಕೊಂಡು ಸಹಿ ಮಾಡಬಹುದೆಂದು ಕ್ಯಾಥೊಲಿಕರಿಗೆ ವ್ಯಾಟಿಕನ್ನಿನಿಂದ ಸೂಚನೆ ಸಿಕ್ಕಿತು. ಹೀಗೆ ಸಹಿಗೆ ಕಾರಣಗಳು ಅನೇಕ. ಒಂದೊಂದೂ ಕೇಳಲು ಯುಕ್ತವೇ. ಎಲ್ಲವೂ ಕೂಡಿದಾಗ ಸರ್ಕಾರಕ್ಕೆ ಬೇಕಾದದ್ದು ದೊರೆಯಿತು. ಅದಕ್ಕೆ ಬೇಕಾಗಿದ್ದುದು ಪ್ರಾಧ್ಯಾಪಕರ ನಂಬಿಕೆಯಲ್ಲ. ನಂಬದಿದ್ದರೂ ಸಹಿ ಹಾಕಿದೆನೆಂಬ ಅವರ ಒಳಗಿನ ನಾಚಿಕೆ. ನಾಚಿಕೊಂಡವನು ಮತ್ತೆ ತಲೆಯೆತ್ತಿ ಮಾತಾಡುವುದು ಕಷ್ಟ.

ನಿರಾಕರಿಸಿದವರಲ್ಲಿ ಗಣಿತಜ್ಞ ವೀತೊ ವೊಲ್ತೆರಾ, ಪ್ರಾಚೀನ ಇತಿಹಾಸದ ವಿದ್ವಾಂಸನೂ ಶ್ರದ್ಧಾವಂತ ಕ್ಯಾಥೊಲಿಕನೂ ಆದ ಗಯೆತಾನೊ ದೆ ಸಾಂಕ್ತಿಸ್, ಸೆಮಿಟಿಕ್ ಭಾಷೆಗಳ ಪಂಡಿತ ಜೊರ್ಜೊ ಲೆವಿ ದೆಲ್ಲಾ ವೀದಾ ಮೊದಲಾದವರಿದ್ದರು. ಮಿಲಾನಿನ ತತ್ತ್ವಶಾಸ್ತ್ರ ಪ್ರಾಧ್ಯಾಪಕ ಪಿಯೆರೊ ಮಾರ್ತಿನೆತ್ತಿಯ ಹೆಸರು ನಮ್ಮ ವಾಚಕರಿಗೆ ಆಸಕ್ತಿ ಹುಟ್ಟಿಸೀತು. ಯೌವನದಲ್ಲಿ ಅವನು ಭಾರತದ ಸಾಂಖ್ಯ ದರ್ಶನವನ್ನು ಕುರಿತು ಗ್ರಂಥ ಬರೆದಿದ್ದ. ಪ್ರಾಣಿಗಳಿಗೂ ಚೇತನವಿದೆ, ಅವುಗಳ ವಿಷಯದಲ್ಲಿ ಮನುಷ್ಯನಿಗೆ ಕರ್ತವ್ಯವಿದೆ ಎಂದು ವಾದಿಸಿದ್ದ. 1926ರಲ್ಲಿ ಅವನ ಅಧ್ಯಕ್ಷತೆಯಲ್ಲಿ ನಡೆಯುತ್ತಿದ್ದ ತತ್ತ್ವಶಾಸ್ತ್ರ ಸಮ್ಮೇಳನವನ್ನು ಅಧಿಕಾರಿಗಳು ನಡುವೆಯೇ ನಿಲ್ಲಿಸಿದ್ದರು. ತನ್ನ ಅಂತರಂಗಕ್ಕೆ ವಿರುದ್ಧವಾದ ಪ್ರಮಾಣವನ್ನು ಮಾಡಲಾರೆನೆಂದು ಅವನು ಕೆಲಸ ಬಿಟ್ಟು ಹಳ್ಳಿಯ ಮನೆಗೆ ಹೋಗಿ ಓದು ಬರಹಗಳಲ್ಲಿ ಉಳಿದ ಬಾಳನ್ನು ಕಳೆದ. ಬೀದಿಯಲ್ಲಿ ಕೂಗಲಿಲ್ಲ, ಕತ್ತಿ ಹಿಡಿಯಲಿಲ್ಲ; ಸುಳ್ಳಿಗೆ ಸಹಿ ಹಾಕಲಿಲ್ಲ, ಅಷ್ಟೆ.

ಉಂಗುರ ಮತ್ತು ಜನಗಣತಿ

1935ರ ಅಕ್ಟೋಬರ್ ತಿಂಗಳಲ್ಲಿ ಇಟಲಿ ಇಥಿಯೋಪಿಯದ ಮೇಲೆ ದಾಳಿ ಮಾಡಿತು. ರಾಷ್ಟ್ರಸಂಘವು ಆರ್ಥಿಕ ನಿರ್ಬಂಧ ಹೇರಿತು. ಆಗ ಡಿಸೆಂಬರ್ 18ರಂದು ‘ನಿಷ್ಠೆಯ ದಿನ’ ನಡೆಯಿತು. ರಾಣಿ ಎಲೆನಾ ಮೊದಲು ತನ್ನ ಮದುವೆಯ ಉಂಗುರ ಅರ್ಪಿಸಿದಳು. ರೋಮ್ ನಗರವೊಂದರಲ್ಲೇ ಸುಮಾರು ಎರಡೂವರೆ ಲಕ್ಷ ಉಂಗುರಗಳು ಬಂದುವೆಂದು ಲೆಕ್ಕ. ಚಿನ್ನ ಕೊಟ್ಟವರಿಗೆ ಉಕ್ಕಿನ ಉಂಗುರ ದೊರೆಯಿತು. ಮರುದಿನದಿಂದ ಬೆರಳಲ್ಲಿ ಚಿನ್ನ ಉಳಿದಿದ್ದವಳು ಎಲ್ಲರ ಕಣ್ಣಿಗೂ ಬಿದ್ದಳು. ಕ್ರೋಚೆ ಕೂಡ ತನ್ನ ಸೆನೆಟರ್ ಪದಕವನ್ನು ಕೊಟ್ಟ. ದೇಶಪ್ರೇಮ ಯಾವುದು, ಆಡಳಿತದ ಸೇವೆ ಯಾವುದು ಎಂಬ ಗೆರೆ ಅಂಥವನಿಗೂ ಮಸುಕಾಯಿತು. ಆ ಚಿನ್ನದ ನೆರವು ಪಡೆದ ಯುದ್ಧದಲ್ಲಿ ಇಥಿಯೋಪಿಯದ ಜನರ ಮೇಲೆ ವಿಷಾನಿಲ ಸುರಿಯಲಾಯಿತು. ಉಂಗುರ ಕೊಟ್ಟ ತಾಯಂದಿರಿಗೆ ಅವರ ಪತ್ರಿಕೆಗಳು ಇದನ್ನು ತಿಳಿಸಲಿಲ್ಲ.

1938ರಲ್ಲಿ ನಿಯಂತ್ರಣ ನಾಲಗೆಗೂ ಕೈಗೂ ಇಳಿಯಿತು. ಗೌರವದ ಸಂಬೋಧನೆಯಾದ ‘ಲೇಯಿ’ ಬಿಟ್ಟು ‘ವೋಯಿ’ ಎನ್ನಬೇಕು, ಕೈಕುಲುಕುವ ಬದಲು ತೋಳು ಚಾಚಿ ವಂದಿಸಬೇಕು ಎಂಬ ಅಪ್ಪಣೆಗಳಾದವು. ಜನರು ನಕ್ಕರು. ಆದರೆ ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಯೆಹೂದ್ಯರ ಪ್ರತ್ಯೇಕ ಗಣತಿ ನಡೆಯಿತು. ಐವತ್ತು ಸಾವಿರಕ್ಕೆ ಹತ್ತಿರದ ಪುಟ್ಟ ಸಮುದಾಯವದು. ಅವರಲ್ಲಿ ಫ್ಯಾಸಿಸ್ಟ್ ಪಕ್ಷದ ಸದಸ್ಯರೂ ಇದ್ದರು. ಸೆಪ್ಟೆಂಬರ್ ತಿಂಗಳಲ್ಲಿ ಅವರ ಮಕ್ಕಳನ್ನೂ ಶಿಕ್ಷಕರನ್ನೂ ಶಾಲೆಗಳಿಂದ ಹೊರಹಾಕಲಾಯಿತು. ನವೆಂಬರ್ ತಿಂಗಳ ಕಾನೂನು ಅವರ ವಿವಾಹ, ಆಸ್ತಿ, ಉದ್ಯೋಗಗಳಿಗೆ ಕಡಿವಾಣ ಹಾಕಿತು. ತೆರವಾದ ಪೀಠಗಳಲ್ಲಿ ಇತರರು ಕುಳಿತರು. ಅದೇ ಗಣತಿಯ ದಾಖಲೆಗಳು ಮುಂದೆ ಯೆಹೂದ್ಯರನ್ನು ಹುಡುಕಿ ಹಿಡಿಯಲು ನೆರವಾದವು. 1943ರ ಅಕ್ಟೋಬರ್ 16ರಂದು ನಾಜಿಗಳು ರೋಮಿನಲ್ಲಿ ಹಿಡಿದು ಸಾಗಿಸಿದ ಸಾವಿರಕ್ಕೂ ಹೆಚ್ಚು ಜನರಲ್ಲಿ ಹಿಂತಿರುಗಿದವರು ಕೇವಲ 16 ಮಂದಿ.

ಜಮಾ-ಖರ್ಚು

ಈ ಆಡಳಿತದ ಜಮೆಯ ಕಡೆ ಬರೆಯಬೇಕಾದುದು ಏನೂ ಇಲ್ಲವೆ ಎಂದು ಕೇಳುವವರಿದ್ದಾರೆ. ಇದೆ. ರೋಮಿನ ದಕ್ಷಿಣದ ಪೊಂತೀನೊ ಜೌಗುಪ್ರದೇಶವನ್ನು ಬತ್ತಿಸಿ, 1932ರಲ್ಲಿ ಲಿತ್ತೋರಿಯಾ, 1934ರಲ್ಲಿ ಸಬೌದಿಯಾ ಪಟ್ಟಣಗಳನ್ನು ಕಟ್ಟಿದರು. ಮಲೇರಿಯಾ ತಗ್ಗಿತು. ರಸ್ತೆಗಳಾದವು. ಆದರೆ ಖರ್ಚಿನ ಪುಟವನ್ನು ಯಾರೂ ಓದದಂತೆ ಮುಚ್ಚಿಟ್ಟ ಲೆಕ್ಕವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. 1929ರ ಜನಮತದಲ್ಲಿ ‘ಹೌದು’ ಎಂದವರು 85 ಲಕ್ಷ, ‘ಇಲ್ಲ’ ಎಂದವರು ಸುಮಾರು 1.35 ಲಕ್ಷ, 1934ರಲ್ಲಿ ‘ಇಲ್ಲ’ ಎಂದವರು 15 ಸಾವಿರ ಮಾತ್ರ. ಹೌದು ಮತ್ತು ಇಲ್ಲಗಳ ಮತಪತ್ರಗಳು ಹೊರನೋಟಕ್ಕೇ ಬೇರೆಯಾಗಿದ್ದವೆಂದು ತಿಳಿದಾಗ ಈ ಅಂಕಿಗಳ ಮರ್ಮ ಅರ್ಥವಾಗುತ್ತದೆ.

ಎಲ್ಲರೂ ಹೌದೆನ್ನುವ ರಾಜ್ಯದಲ್ಲಿ ಅರಸನಿಗೂ ನಿಜ ತಿಳಿಯುವುದಿಲ್ಲ. ಸೈನ್ಯದ ಬಲಹೀನತೆ ಮುಚ್ಚಿಹೋಗಿತ್ತು. 1940ರಲ್ಲಿ ಯುದ್ಧಕ್ಕಿಳಿದ ಇಟಲಿ ಕೆಲವೇ ತಿಂಗಳಲ್ಲಿ ಸೋಲತೊಡಗಿತು. ಆಫ್ರಿಕದ ರಣರಂಗಗಳಲ್ಲಿ ಸೆರೆಸಿಕ್ಕ ಇಟಾಲಿಯನ್ ಸೈನಿಕರನ್ನು ಭಾರತಕ್ಕೆ ತಂದು ಇರಿಸಿದ ಶಿಬಿರಗಳಲ್ಲಿ ನಮ್ಮ ಬೆಂಗಳೂರಿನವೂ ಇದ್ದವು. ಮನೆಯಲ್ಲಿ ಉಳಿದವರಿಗೆ 1941ರ ಅಕ್ಟೋಬರ್ ತಿಂಗಳಿಂದ ದಿನಕ್ಕೆ 200 ಗ್ರಾಂ ರೊಟ್ಟಿ, ಮರುವರ್ಷ 150 ಗ್ರಾಂ. 1943ರ ಜುಲೈ 25ರ ನಸುಕಿನಲ್ಲಿ ಫ್ಯಾಸಿಸ್ಟ್ ಮಹಾಸಭೆಯೇ 19 ಮತಗಳಿಂದ ಮುಸೊಲಿನಿಯ ವಿರುದ್ಧ ನಿರ್ಣಯ ಮಾಡಿತು. ಅಂದೇ ರಾಜ ಅವನನ್ನು ಬಂಧಿಸಿದ. 40 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದ ಪಕ್ಷಕ್ಕಾಗಿ ಆ ರಾತ್ರಿ ಹೋರಾಡಲು ಯಾರೂ ಮುಂದೆ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಕೋಟುಗಳಿಂದ ಬಿಲ್ಲೆಗಳು ಮಾಯವಾಗಿದ್ದವು. ಆದರೂ ದುರಂತ ಮುಗಿಯಲಿಲ್ಲ. ಜರ್ಮನರ ಆಶ್ರಯದಲ್ಲಿ ಮುಸೊಲಿನಿ ಉತ್ತರದಲ್ಲಿ ಮತ್ತೆ ಆಳಿದ, ಅಂತರ್ಯುದ್ಧ ನಡೆಯಿತು. 1945ರ ಏಪ್ರಿಲ್ 28ರಂದು ಅವನು ಗುಂಡಿಗೆ ಬಲಿಯಾದ.

1948ರಲ್ಲಿ ಜಾರಿಗೆ ಬಂದ ಇಟಲಿಯ ಸಂವಿಧಾನವು ಅಪ್ಪಣೆಯಿಲ್ಲದೆ ಸಂಘ ಕಟ್ಟುವ ಹಕ್ಕನ್ನೂ ಪರವಾನಗಿ ಮತ್ತು ಪೂರ್ವಪರಿಶೀಲನೆಗಳಿಂದ ಮುಕ್ತವಾದ ಪತ್ರಿಕೆಯನ್ನೂ ಸ್ಪಷ್ಟ ಮಾತಿನಲ್ಲಿ ಘೋಷಿಸಿತು. ಇಪ್ಪತ್ತು ವರ್ಷಗಳ ನೋವಿನಿಂದ ಕಲಿತ ಪಾಠವದು.

ಈ ಇತಿಹಾಸದಿಂದ ನಾವು ಗ್ರಹಿಸಬೇಕಾದುದೇನು? ನಿಯಂತ್ರಣವು ಮೊದಲು ಮುಟ್ಟುವುದು ಕತ್ತನ್ನಲ್ಲ, ಅನ್ನವನ್ನು. ಲೈಸೆನ್ಸ್, ನೌಕರಿ, ಮಗುವಿನ ಶಾಲೆ, ಸಂಘದ ಸದಸ್ಯರ ಪಟ್ಟಿ ಇವುಗಳ ಮೂಲಕ ಅದು ಬರುತ್ತದೆ. ಪ್ರತಿ ಹಂತದಲ್ಲೂ ಕೇಳುವುದು ಚಿಕ್ಕದೊಂದು ಒಪ್ಪಿಗೆ. ಅದನ್ನು ನಿರಾಕರಿಸುವುದು ಹಟಮಾರಿತನವೆಂದು ತೋರುವಷ್ಟು ಚಿಕ್ಕದು. ಹಾಗೆ ಕೊಟ್ಟ ಒಪ್ಪಿಗೆಗಳ ಮೊತ್ತವೇ ಸರ್ವಾಧಿಕಾರ. ಎಲ್ಲರೂ ಮಾರ್ತಿನೆತ್ತಿಯಾಗಲಾರರು, ಅದನ್ನು ಯಾರೂ ಬಲವಂತದಿಂದ ಅಪೇಕ್ಷಿಸಲೂಬಾರದು. ಆದರೆ ನೆರೆಯವನ ಅಂಗಡಿ ಅನ್ಯಾಯದಿಂದ ಮುಚ್ಚಿದಾಗ ಅವನ ಗಿರಾಕಿ ನಮಗೆ ಬಂದನೆಂದು ಹಿಗ್ಗದಿರುವುದು, ಪಕ್ಕದ ಸಮುದಾಯದ ಮಗುವನ್ನು ಶಾಲೆಯಿಂದ ಹೊರಹಾಕಿದಾಗ ‘ನಮ್ಮದಲ್ಲವಲ್ಲ’ ಎನ್ನದಿರುವುದು, ನಂಬದ ಮಾತಿನ ಕೆಳಗೆ ಸಹಿ ಹಾಕುವ ಮುನ್ನ ಒಂದು ರಾತ್ರಿ ಯೋಚಿಸುವುದು, ಇಷ್ಟು ಸಾಮಾನ್ಯ ಗೃಹಸ್ಥನಿಗೂ ಶಕ್ಯ. ಇಟಲಿಯಲ್ಲಿ 1922ರಿಂದ 1926ರವರೆಗೆ, ಬೆಲೆ ಇನ್ನೂ ಕಡಿಮೆಯಿದ್ದಾಗ, ಇಷ್ಟನ್ನು ಮಾಡಿದವರು ಇನ್ನೂ ಕೆಲವು ಸಾವಿರ ಮಂದಿ ಇದ್ದಿದ್ದರೆ, 1931ರಲ್ಲಿ ಹನ್ನೆರಡು ಮಂದಿಯ ಹೆಗಲ ಮೇಲೆ ಒಂದು ದೇಶದ ಮಾನವೆಲ್ಲ ಬೀಳುತ್ತಿರಲಿಲ್ಲ.